ಕಲೆ ಹೋಗಲಿ, ಗೋಡೆ ಉಳಿಯಲಿ

ಮಳೆಗಾಲ ಬಲಿತಾಗ ಗೋಕಾಕದ ಜಲಪಾತವನ್ನು ನೋಡಲು ಜನರು ದೂರದೂರುಗಳಿಂದ ಬರುವುದುಂಟು. ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಘಟಪ್ರಭೆಯ ನೀರು ಆಗ ಕೆಂಪು ಬೆರೆತ ಕಂದು ಬಣ್ಣದ್ದು. ನೋಡುವವರ ಕಣ್ಣಿಗೆ ಅದೊಂದು ಸೊಗಸು. ಆದರೆ ಆ ನೀರೇ ಊರೊಳಗೆ ನುಗ್ಗಿ, ಕೆಲವು ದಿನ ನಿಂತು, ಇಳಿದುಹೋದ ಮೇಲೆ ಅದೇ ಬಣ್ಣವು ಮನೆಯ ಗೋಡೆಗಳ ಮೇಲೆ ಪಟ್ಟೆಯಾಗಿ ಉಳಿಯುತ್ತದೆ. ಆಗ ಅದರಲ್ಲಿ ಸೊಗಸನ್ನು ಕಾಣುವವರು ಯಾರೂ ಇಲ್ಲ.

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಗೋಕಾಕ ಪಟ್ಟಣದ ತಗ್ಗಿನ ಓಣಿಗಳನ್ನು ಮುಳುಗಿಸಿದವು. ಹುಕ್ಕೇರಿ ತಾಲೂಕಿನಲ್ಲಿ ಹಿರಣ್ಯಕೇಶಿಯೂ, ಮೂಡಲಗಿ ತಾಲೂಕಿನ ನದೀತೀರದ ಹಳ್ಳಿಗಳಲ್ಲಿ ಘಟಪ್ರಭೆಯೂ ದಡ ಮೀರಿದವು. 2021ರಲ್ಲಿಯೂ 2024ರಲ್ಲಿಯೂ ಜುಲೈ ತಿಂಗಳಲ್ಲಿ ನದಿಯು ಮತ್ತೆ ಊರಿಗೆ ಬಂದಿತು. ನೆರೆ ಇಳಿದ ಮೇಲೆ ಮನೆಗೆ ಮರಳಿದ ಗೃಹಿಣಿಯ ಮುಂದೆ ಎರಡು ಬಗೆಯ ಕಲೆಗಳಿರುತ್ತವೆ. ಒಂದು ಮಣ್ಣಿನದು. ಇನ್ನೊಂದು, ನೀರಿನಲ್ಲಿ ನೆನೆದ ಕಬ್ಬಿಣದ ಕಪಾಟು, ಮಂಚದ ಕಾಲು, ಕಿಟಕಿಯ ಸರಳು ಇವುಗಳಿಂದ ಇಳಿದ ತುಕ್ಕಿನದು.

ಎರಡೂ ಒಂದೇ ಬಣ್ಣದವಾದುದರಿಂದ ಎರಡಕ್ಕೂ ಒಂದೇ ಮದ್ದೆಂದು ತಿಳಿಯುವುದು ಸಹಜ. ಅಂಗಡಿಯವನ ಮಾತೂ ಹಾಗೆಯೇ ಇರುತ್ತದೆ: “ಅಕ್ಕಾರ, ಒಂದ ಬಾಟ್ಲಿ ಆಸಿಡ್ ಸುರುವ್ರಿ, ತಾಸಿನ್ಯಾಗ ಬೆಳ್ಳಗಾಗ್ತದ್ರಿ.” ಬೆಳ್ಳಗಾಗುವುದೇನೋ ನಿಜ. ಆದರೆ ಆ ಬಿಳುಪಿಗೆ ತೆರಬೇಕಾದ ಬೆಲೆಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮಣ್ಣಿನ ಕಲೆಯು ಗೋಡೆಯ ಮೇಲೆ ಕುಳಿತಿರುವಂಥದು. ಜೇಡಿಯ ಕಣವು ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತಲೂ ಸಣ್ಣದು. ಆದುದರಿಂದಲೇ ಅದು ಇಟ್ಟಿಗೆಯ ಮತ್ತು ಸಿಮೆಂಟಿನ ಸೂಕ್ಷ್ಮ ರಂಧ್ರಗಳನ್ನು ಹೊಕ್ಕು ಕೂಡುತ್ತದೆ. ಇದನ್ನು ತೆಗೆಯಲು ಆಸಿಡ್ ಬೇಕಿಲ್ಲ, ಬೇಕಾದುದು ತಾಳ್ಮೆ. ರಾಡಿಯು ಹಸಿಯಾಗಿರುವಾಗಲೇ ಅದನ್ನು ಸಲಿಕೆಯಿಂದ ಎಳೆದು ಹೊರಗೆ ಹಾಕಬೇಕು. ಎರೆಮಣ್ಣು ಒಮ್ಮೆ ಒಣಗಿತೆಂದರೆ ಕಲ್ಲಾಗುತ್ತದೆ. ಉಳಿದ ತೆಳು ಪದರವು ಒಣಗಿದ ಮೇಲೆ ನಾರಿನ ಬ್ರಷ್ಷಿನಿಂದ ಒಣದಾಗಿಯೇ ಉಜ್ಜಿ ಉದುರಿಸಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡಿರಬೇಕು. ಬಳಿಕ ಸೋಪಿನ ಪುಡಿ ಕಲಸಿದ ಬಿಸಿ ನೀರು, ಮತ್ತೆ ಬ್ರಷ್ಷು, ಮತ್ತೆ ತಿಳಿ ನೀರು. ಹೀಗೆ ಎರಡು ಮೂರು ಸಲ ಮಾಡಿದರೆ ಕಲೆಯ ಬಹುಭಾಗ ಹೋಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳುಂಟು. ತಂತಿಯ ಬ್ರಷ್ಷನ್ನು ಬಳಸಬಾರದು. ಅದರ ಮುರಿದ ಎಳೆಗಳು ಗೋಡೆಯಲ್ಲಿ ಉಳಿದು ಅವೇ ತುಕ್ಕು ಹಿಡಿಯುತ್ತವೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆಯ ಗೋಡೆಗೆ ಪಂಪಿನ ರಭಸದ ನೀರನ್ನು ಹಾಯಿಸಬಾರದು. ಕಲೆಯೊಂದಿಗೆ ಸಂದಿನ ಮಣ್ಣೂ ಕೊಚ್ಚಿಹೋಗಿ ಗೋಡೆಯೇ ಸಡಿಲವಾದೀತು.

ತುಕ್ಕಿನ ಮಾತು ಬೇರೆ. ಅದು ಸೋಪಿಗೆ ಜಗ್ಗುವುದಿಲ್ಲ. ಅದನ್ನು ಕರಗಿಸಲು ಹುಳಿಯೇ ಬೇಕು. ಆದರೆ ಉಗ್ರವಾದ ಹುಳಿಯಲ್ಲ. ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು ತಿಕ್ಕುವ ಗೃಹಿಣಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಸಣ್ಣ ಕಲೆಗೆ ನಿಂಬೆಯ ರಸವೇ ಸಾಕು: ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ರಸವನ್ನು ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಉಜ್ಜಿ ತೊಳೆಯುವುದು. ದೊಡ್ಡ ಕಲೆಗೆ ಒಂದು ಲೀಟರ್ ನೀರಿನಲ್ಲಿ ಸುಮಾರು 100 ಗ್ರಾಂ ಆಕ್ಸಾಲಿಕ್ ಆಮ್ಲದ ಪುಡಿಯನ್ನು ಕರಗಿಸಿ ಹಚ್ಚಿ, ಎರಡು ಮೂರು ತಾಸಿನ ನಂತರ ಧಾರಾಳ ನೀರಿನಿಂದ ತೊಳೆಯುವ ಕ್ರಮವುಂಟು. ಯಾವುದನ್ನೇ ಆಗಲಿ, ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಬೇಕು. ಆಕ್ಸಾಲಿಕ್ ಪುಡಿಯು ಕಣ್ಣಿಗೆ ಸಕ್ಕರೆಯಂತೆ ಕಂಡರೂ ವಿಷ. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಇರಬೇಕು. ಡಬ್ಬಿಯು ಮಕ್ಕಳ ಕೈಗೆ ಎಟುಕಬಾರದು. ಕಲಸಿದ ಪಾತ್ರೆಯು ಅಡಿಗೆಮನೆಗೆ ಮರಳಬಾರದು.

ಇನ್ನು ಅಂಗಡಿಯವನ ಬಾಟಲಿ. ಅದರಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ತುಕ್ಕನ್ನು ತಿನ್ನುವಾಗಲೇ ಸಿಮೆಂಟಿನ ಸುಣ್ಣದ ಅಂಶವನ್ನೂ ತಿನ್ನುತ್ತದೆ. ನೆಲವು ಉರುಟಾಗಿ, ಮುಂದಿನ ಕೊಳೆಯನ್ನು ಮೊದಲಿಗಿಂತ ಬೇಗ ಹಿಡಿಯುತ್ತದೆ. ಅದರ ಕ್ಲೋರೈಡು ಕಾಂಕ್ರೀಟಿನೊಳಗೆ ಇಳಿದು ಸರಳನ್ನು ಮುಟ್ಟಿದರೆ ಅಲ್ಲಿ ಹೊಸ ತುಕ್ಕಿಗೆ ಬೀಜ ಬಿತ್ತಿದಂತೆ. ತುಕ್ಕನ್ನು ಓಡಿಸಲು ಕರೆದವನೇ ತುಕ್ಕನ್ನು ಮನೆಯಲ್ಲಿ ಇಳಿಸಿಹೋದಂತಾಯಿತು!

ಇದಕ್ಕಿಂತಲೂ ಭಯಂಕರವಾದುದು ಇನ್ನೊಂದಿದೆ. ನೆರೆಯ ನಂತರ ರೋಗ ಹರಡದಿರಲೆಂದು ಬ್ಲೀಚಿಂಗ್ ಪುಡಿಯನ್ನು ಬಳಸುವುದು ಸರಿಯಾದ ಕ್ರಮವೇ. ಆದರೆ ಪುಡಿ ಚೆಲ್ಲಿದ ನೆಲದ ಮೇಲೆ ಆಸಿಡ್ ಬಿದ್ದರೆ ಹಸುರು ಮಿಶ್ರಿತ ಹಳದಿ ಬಣ್ಣದ ಕ್ಲೋರಿನ್ ಅನಿಲವು ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ ಅನಿಲವು ಇದೇ. ಗಾಳಿಗಿಂತ ಭಾರವಾದ ಇದು ಬಚ್ಚಲಿನಂಥ ಮುಚ್ಚಿದ ಜಾಗದಲ್ಲಿ ನೆಲಕ್ಕಂಟಿ ನಿಲ್ಲುತ್ತದೆ. ಕುಳಿತು ಉಜ್ಜುವವರ ಮೂಗಿಗೇ ಮೊದಲು ತಾಗುತ್ತದೆ. ನಿಂಬೆಯ ರಸವೂ ಆಕ್ಸಾಲಿಕ್ ನೀರೂ ಈ ಪುಡಿಯೊಂದಿಗೆ ಕೂಡಬಾರದು. ಬ್ಲೀಚಿಂಗ್ ಪುಡಿಗೆ ತುಕ್ಕನ್ನು ತೆಗೆಯುವ ಶಕ್ತಿಯೂ ಇಲ್ಲ. ಆದುದರಿಂದ ಮೊದಲು ರಾಡಿ ತೆಗೆದು ತೊಳೆಯುವುದು, ಅನಂತರ ಪುಡಿಯ ನೀರು, ಮತ್ತೆ ಚೆನ್ನಾಗಿ ತೊಳೆಯುವುದು. ತುಕ್ಕಿನ ಕೆಲಸ ಇನ್ನೊಂದು ದಿನ, ಬಾಗಿಲು ಕಿಟಕಿ ತೆರೆದಿಟ್ಟು.

ಕೊನೆಯದಾಗಿ, ತೊಳೆಯಲೇಬಾರದ ಒಂದು ಕಲೆಯುಂಟು. ಮಂಚ, ಕಪಾಟು ಯಾವುದೂ ಇಲ್ಲದ ಕಡೆ, ಸ್ಲ್ಯಾಬಿನಲ್ಲಿಯೋ ಕಂಬದಲ್ಲಿಯೋ ಬಿರುಕಿನ ಗುಂಟ ಕೆಂಪು ಗೆರೆ ಇಳಿದಿದ್ದರೆ, ಅದು ಒಳಗಿನ ಸರಳು ಕಳುಹಿಸಿದ ಓಲೆ. ಕಬ್ಬಿಣವು ತುಕ್ಕಾದಾಗ ಎರಡು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅದರ ಮೇಲೆ ಸುಣ್ಣ ಬಳಿದರೆ ಕಲೆ ಮರೆಯಾದೀತು, ಅಪಾಯ ಮರೆಯಾಗದು. ಅದಕ್ಕೆ ಬೇಕಾದವರು ಬಲ್ಲ ಎಂಜಿನಿಯರರು ಅಥವಾ ಅನುಭವಸ್ಥ ಗೌಂಡಿಗಳು.

ನದಿಯು ಬರೆದುಹೋದ ಗೆರೆಯು ಒಂದು ವಾರ ಹೆಚ್ಚಾಗಿ ಉಳಿದರೆ ಮನೆತನಕ್ಕೆ ಕುಂದೇನೂ ಇಲ್ಲ. ಅವಸರದಲ್ಲಿ ಗೋಡೆಯನ್ನೋ ಉಸಿರನ್ನೋ ಕಳೆದುಕೊಂಡರೆ, ಅದನ್ನು ಮರಳಿ ತರುವ ಪುಡಿಯು ಯಾವ ಅಂಗಡಿಯಲ್ಲಿಯೂ ಸಿಕ್ಕದು.