ಕೂಸು ಹುಟ್ಟುವ ಮುಂಚೆ ಕುಲಾವಿ

ಫುಟ್‌ಬಾಲ್ ಹಂಗಾಮು ಶುರುವಾಗುವ ಮುಂಚೆ ಎರಡು ಪಟ್ಟಿಗಳು ತಯಾರಾಗುತ್ತವೆ. ಒಂದು, ಕ್ಲಬ್ಬಿನ ಆಫೀಸಿನಲ್ಲಿ ತಯಾರಾಗುವ ಆಟಗಾರರ ಪಟ್ಟಿ. ಇನ್ನೊಂದು, ಬಸ್ ಸ್ಟ್ಯಾಂಡಿನಲ್ಲಿ, ಅಂಗಡಿ ಗಲ್ಲಾದ ಹಿಂದೆ ಕೂತು ಮೊಬೈಲಿನಲ್ಲಿ ನಮ್ಮ ಜನ ಮಾಡಿಕೊಳ್ಳುವ ‘ಫ್ಯಾಂಟಸಿ’ ಪಟ್ಟಿ. 2025ರ ಆಗಸ್ಟ್ ತಿಂಗಳಲ್ಲಿ ಈ ಎರಡೂ ಪಟ್ಟಿಗಳು ಒಟ್ಟಿಗೇ ಮಕಾಡೆ ಮಲಗಿದವು. ಯಾಕೆ ಅಂತ ತಿಳಿದುಕೊಂಡರೆ ಮುಂದಿನ ಹಂಗಾಮಿಗೆ ಅನುಕೂಲ.

ಮೊದಲು ಬೆಂಗಳೂರು ಎಫ್‌ಸಿ ವಿಚಾರ. 2013ರಲ್ಲಿ ಹುಟ್ಟಿದ ಕ್ಲಬ್ಬು. ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಎತ್ತಿಕೊಂಡು ಬಂತು. 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಫೈನಲ್ ಆಡಿ, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್‌ಗೆ 2-1ರಿಂದ ಸೋತಿತು. ಆ ಹಂಗಾಮಿನಲ್ಲಿ ಸುನಿಲ್ ಛೇತ್ರಿ ಹೊಡೆದ ಗೋಲು 14. ವಯಸ್ಸು 40! ಗೋಲಿನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು, ಹಿಂದೆ ರಾಹುಲ್ ಭೇಕೆ, ನಡುವೆ ಸುರೇಶ್ ಸಿಂಗ್. ಕಾಗದದ ಮೇಲೆ ನೋಡಿದರೆ ಯಾರೂ ಬೆರಳು ಮಾಡಿ ತೋರಿಸುವ ತಂಡವಲ್ಲ.

ಆದರೆ ಕಾಗದ ಎಂದೂ ಕಾಗದವೇ. ಮಾಲು ಇಳಿಸಿ ಜೋಡಿಸಿ ಇಟ್ಟಾಯಿತು, ಅಂಗಡಿ ಬಾಗಿಲು ತೆಗೆಯೋ ದಿನವೇ ಗೊತ್ತಿಲ್ಲ ಅಂದರೆ ಹೇಗಿರುತ್ತೆ? ಹಾಗೇ ಆಯಿತು. ಲೀಗ್ ನಡೆಸುವ ಹಕ್ಕಿನ ಬಗ್ಗೆ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಮಾಡಿಕೊಂಡಿದ್ದ 15 ವರ್ಷದ ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಹೊಸ ಕರಾರು ಕುದುರಲಿಲ್ಲ. ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಕ್ಲಬ್ಬು ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಮಕ್ಕಳ ತಂಡಗಳನ್ನು ಮಾತ್ರ ಮುಂದುವರಿಸುತ್ತೇವೆ ಎಂದು ಹೇಳಿತು. ಅಷ್ಟು ಮಟ್ಟಿಗೆ ಒಳ್ಳೆಯದೇ. ಆದರೆ ಸಂಬಳ ನಿಂತದ್ದು ಛೇತ್ರಿಯಂಥ ದೊಡ್ಡವರಿಗೆ ಮಾತ್ರ ಅಲ್ಲ. ಬಟ್ಟೆ ಒಗೆದು ಕೊಡುವವರು, ಕಾಲು ತಿಕ್ಕುವವರಿಗೂ ಮನೆ ಬಾಡಿಗೆ ಇರುತ್ತೆ ಸ್ವಾಮಿ!

ಇನ್ನು ಎರಡನೇ ಪಟ್ಟಿ. 100 ಅಂಕದ ಬಜೆಟ್ಟು, ಅದರಲ್ಲಿ 11 ಜನರನ್ನು ಆರಿಸಬೇಕು. ಕ್ಯಾಪ್ಟನ್ ಎಂದು ಗುರುತು ಮಾಡಿದವನಿಗೆ ಎರಡರಷ್ಟು ಅಂಕ, ವೈಸ್ ಕ್ಯಾಪ್ಟನ್‌ಗೆ ಒಂದೂವರೆಯಷ್ಟು. ಬುದ್ಧಿಗೆ ಒಳ್ಳೆ ಕಸರತ್ತೇ. ತಕರಾರು ಇದ್ದದ್ದು ಅದಕ್ಕೆ ಕಟ್ಟುತ್ತಿದ್ದ ದುಡ್ಡಿನ ಬಗ್ಗೆ. ನಮ್ಮ ರಾಜ್ಯ ಸರ್ಕಾರ 2021ರಲ್ಲೇ ಕಾನೂನು ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಡ್ರೀಮ್ ಇಲೆವೆನ್‌ನಂಥ ದೊಡ್ಡ ಕಂಪನಿಯೂ ದುಡ್ಡಿನ ಸ್ಪರ್ಧೆ ನಿಲ್ಲಿಸಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ಎಷ್ಟೋ ಮನೆಗಳಲ್ಲಿ ನಿಜವಾದ ಮೇಲೆ ಬಂದ ಕಾನೂನು ಇದು.

ದುಡ್ಡು ಹೋದರೆ ಆಟದ ರುಚಿಯೇ ಹೋಯಿತು ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಮೇಲೆ 1-0 ಗೆದ್ದರಲ್ಲ, ಆ ಒಂದೇ ಗೋಲು ಹೊಡೆದವನು ವಿನಿತ್ ವೆಂಕಟೇಶ್. ಬೆಂಗಳೂರಿನ ಹುಡುಗ, 19 ವರ್ಷ, ಲೀಗಿನಲ್ಲಿ ಅವನಿಗೆ ಅದೇ ಮೊದಲ ಪಂದ್ಯ. ಅವತ್ತು ಎಷ್ಟು ಜನರ ಫ್ಯಾಂಟಸಿ ಪಟ್ಟಿಯಲ್ಲಿ ಈ ಹುಡುಗ ಇದ್ದಿರಬಹುದು? ದುಡ್ಡು ಕಟ್ಟಿದವನು ಹಳೇ ಹೆಸರು ಹುಡುಕುತ್ತಾನೆ. ಆಟ ನೋಡುವವನು ಹೊಸ ಕಾಲು ಹುಡುಕುತ್ತಾನೆ. ವ್ಯತ್ಯಾಸ ಅಷ್ಟೇ.

ಕಡೆಗೂ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ 14ರಿಂದ ಲೀಗ್ ಎಂದು ಸಾರಿದಾಗ ಆಟಗಾರರಿಗೆ ಉಸಿರು ಬಂತು. ಆದರೆ ಲೆಕ್ಕ ನೋಡಿ: 14 ತಂಡ, ಒಟ್ಟು 91 ಪಂದ್ಯ, ತಂಡವೊಂದಕ್ಕೆ 13. ಹಿಂದಿನ ಹಂಗಾಮಿನಲ್ಲಿ ತಂಡವೊಂದು 24 ಲೀಗ್ ಪಂದ್ಯ ಆಡಿತ್ತು. ಇಷ್ಟು ಚಿಕ್ಕ ಹಂಗಾಮಿನಲ್ಲಿ ಮೂರು ಪಂದ್ಯ ಕೈಬಿಟ್ಟರೆ ಸುಧಾರಿಸಿಕೊಳ್ಳಲು ಪುರುಸೊತ್ತಿಲ್ಲ. ಹೊಸ ಹುಡುಗರನ್ನು ಇಳಿಸಿ ನೋಡುವ ಧೈರ್ಯ ಯಾವ ಕೋಚಿಗೂ ಬರುವುದಿಲ್ಲ. ಮೇಲಿನವರ ಜಗಳದ ಬಿಸಿ ತಟ್ಟುವುದು ವಿನಿತ್‌ನಂಥ ಹುಡುಗರಿಗೇ.

ಆದ್ದರಿಂದ ನಾವು ಹೇಳುವುದಿಷ್ಟೆ. ಇನ್ನು ಯಾವ ಹಂಗಾಮು ಬಂದರೂ, ಯಾರು ಬಂದರು, ಯಾರು ಹೋದರು ಅಂತ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಪಂದ್ಯಗಳ ತಾರೀಖು ಗಟ್ಟಿಯಾಗಿದೆಯೇ? ಸಂಬಳಕ್ಕೆ ಭರವಸೆ ಇದೆಯೇ? ಛೇತ್ರಿಯ ನಂತರ ಗೋಲು ಹೊಡೆಯುವ ಹುಡುಗ ಯಾರು, ಅವನಿಗೆ ಎಷ್ಟು ನಿಮಿಷ ಆಡಲು ಬಿಡುತ್ತೀರಿ? ಈ ಮೂರಕ್ಕೂ ಫೆಡರೇಷನ್ನಿನವರು, ಕ್ಲಬ್ಬಿನವರು ಹಂಗಾಮಿಗೆ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಟಿಕೆಟ್ ಕೊಳ್ಳುವ ಜನಕ್ಕೆ ಕೇಳುವ ಹಕ್ಕಿದೆ. ಬಸ್ಸು ಯಾವಾಗ ಹೊರಡುತ್ತೆ ಅಂತ ಹೇಳದೆ ಸೀಟಿನ ನಂಬರು ಹಂಚಿದರೆ ಪ್ರಯಾಣಿಕ ಸುಮ್ಮನಿರುತ್ತಾನೆಯೇ?

ಹನ್ನೊಂದು ಜನರ ಪಟ್ಟಿ ಮಾಡುವ ಹುಚ್ಚು ಇದ್ದವರು ಧಾರಾಳವಾಗಿ ಮಾಡಲಿ. ಹಳೇ ಟಿಕೆಟ್ಟಿನ ಹಿಂದೆ ಬರೆಯಲಿ, ಪಕ್ಕದ ಸೀಟಿನವರ ಜೊತೆ ಜಗಳ ಆಡಲಿ. ಸೋತರೆ ಒಂದು ಬೈಟು ಕಾಫಿ ಕುಡಿಸಲಿ. ಅದಕ್ಕಿಂತ ಹೆಚ್ಚು ಬೇಡ.