ದಾಂಡಿಗನ ಮಣಿಕಟ್ಟು

ಕ್ರಿಕೆಟ್ಟಿನಲ್ಲಿ ಬ್ಯಾಟು ಹಿಡಿದು ನಿಂತವನನ್ನು ನಮ್ಮ ಪತ್ರಿಕೆಗಳು ‘ದಾಂಡಿಗ’ ಎಂದು ಕರೆಯುತ್ತವೆ. ಚೆಲುವಾದ ಮಾತೇ ಸರಿ. ಆದರೆ ಮನೆಮಾತಿನಲ್ಲಿ ಅದೇ ಶಬ್ದಕ್ಕೆ ಕಟ್ಟುಮಸ್ತಾದ ಆಳು, ತೋಳ್ಬಲದವನು ಎಂಬ ಅರ್ಥವೂ ಉಂಟು. ಈ ಎರಡನೆಯ ಅರ್ಥವು ಮೊದಲನೆಯದರ ಹೆಗಲೇರಿ ಕುಳಿತು, ಹೊಡೆಯುವುದೆಂದರೆ ಬಲಪ್ರದರ್ಶನವೆಂಬ ಭ್ರಮೆಯನ್ನು ಮಕ್ಕಳಲ್ಲಿಯೂ, ಅವರಿಗಿಂತ ಹೆಚ್ಚಾಗಿ ಅವರ ತಂದೆಯರಲ್ಲಿಯೂ ಬೆಳೆಸಿದೆ. “ಜೋರಾಗಿ ಬೀಸೋ!” ಎಂದು ತಂದೆ ಕೂಗುತ್ತಾರೆ, ಮಗ ಮೂರು ಸಲ ಗಾಳಿಯನ್ನೇ ಹೊಡೆದು ತಲೆತಗ್ಗಿಸುತ್ತಾನೆ. ಸಣಕಲು ಹುಡುಗರು ‘ಇದು ನನ್ನಿಂದಾಗದು’ ಎಂದು ಆಟವನ್ನೇ ತೊರೆಯುವುದು ಹೀಗೆ.

ಅಂಥ ಹುಡುಗನಿಗೆ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರ ಕಥೆಯನ್ನು ಹೇಳಬೇಕು. ಅವರದು ಗಿಡ್ಡ ಆಳ್ತನ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಬಿರುಗಾಳಿಯಂತೆರಗಿ ಏಳು ವಿಕೆಟ್ಟುಗಳನ್ನು ಕಿತ್ತಾಗ, ಭಾರತ ಗಳಿಸಿದ 190 ಓಟಗಳಲ್ಲಿ 97 ವಿಶ್ವನಾಥರವು; ಅವರು ಕಡೆಯವರೆಗೂ ಔಟಾಗಲಿಲ್ಲ. ಆ ಓಟಗಳು ತೋಳಿನ ಬಲದಿಂದ ಬಂದವಲ್ಲ. ಮಣಿಕಟ್ಟಿನಿಂದ, ಅದಕ್ಕೂ ಮುನ್ನ ಕಣ್ಣಿನಿಂದ ಬಂದವು.

ಅಮೆರಿಕದ ಬೇಸ್‌ಬಾಲ್ ಈ ಮಾತಿಗೆ ಇನ್ನೊಂದು ಸಾಕ್ಷಿ. ಅಲ್ಲಿ ದಾಂಡು ದುಂಡು, ಚೆಂಡೂ ದುಂಡು. 60 ಅಡಿ 6 ಅಂಗುಲ ದೂರದಿಂದ ಗಂಟೆಗೆ 90 ಮೈಲಿ ವೇಗದಲ್ಲಿ ಹೊರಟ ಚೆಂಡು ಅರ್ಧ ಸೆಕೆಂಡಿನೊಳಗೆ ಬಂದು ಮುಟ್ಟುತ್ತದೆ. ಆದುದರಿಂದ ಹತ್ತರಲ್ಲಿ ಮೂರು ಸಲ ಗೆದ್ದವನೇ ಅಲ್ಲಿ ಶ್ರೇಷ್ಠ. ಏಳು ಸಲ ಸೋಲುವುದು ಲಜ್ಜೆಯಲ್ಲ. 1941ರಲ್ಲಿ ಹತ್ತಕ್ಕೆ ನಾಲ್ಕನ್ನು ದಾಟಿದ ಟೆಡ್ ವಿಲಿಯಮ್ಸ್ ಬೋಧಿಸಿದ್ದು ಬಲವನ್ನಲ್ಲ, ತಾಳ್ಮೆಯನ್ನು: ಹೊಡೆಯಲು ಯೋಗ್ಯವಾದ ಎಸೆತಕ್ಕಾಗಿ ಕಾಯಬೇಕು.

ಈ ವಿದ್ಯೆಗಾಗಿ ಸಮುದ್ರ ದಾಟಬೇಕಾಗಿಲ್ಲ. ಕಾವೇರಿಯ ದಡದಲ್ಲಿರುವ ಕೊಣನೂರಿನಂಥ ಊರಿನ ಹುಡುಗರಿಗೆ ಚಿನ್ನಿದಾಂಡೇ ಸಾಕಾದ ಗುರು. ಒಂದು ತೋಳುದ್ದದ ಕೋಲು, ಎರಡೂ ತುದಿ ಚೂಪಾದ ಗೇಣಿಗಿಂತ ಕಿರಿದಾದ ಚಿನ್ನಿ, ಖರ್ಚು ಸೊನ್ನೆ. ಇಲ್ಲಿ ಎಸೆಯುವವನೂ ಹೊಡೆಯುವವನೂ ಒಬ್ಬನೇ ಆದುದರಿಂದ ಆತುರಪಟ್ಟವನು ಬೇರೆ ಯಾರನ್ನೂ ದೂರುವಂತಿಲ್ಲ.

ಅಭ್ಯಾಸಕ್ರಮವೂ ಸರಳ. ಕಾಲುಗಳನ್ನು ಭುಜದಗಲಕ್ಕೆ ಇರಿಸಿ, ಮೊಣಕಾಲನ್ನು ತುಸು ಬಾಗಿಸಿ ನಿಲ್ಲಬೇಕು. ಕೋಲನ್ನು ಹಕ್ಕಿಮರಿಯನ್ನು ಹಿಡಿದಂತೆ ಹಿಡಿಯಬೇಕು: ಹಾರಿಹೋಗಬಾರದು, ಉಸಿರೂ ಕಟ್ಟಬಾರದು. ಚಿನ್ನಿಯ ತುದಿಯನ್ನು ಮೆಲ್ಲನೆ ತಟ್ಟಿದರೆ ಅದು ಸೊಂಟದೆತ್ತರಕ್ಕೆ ಚಿಮ್ಮುತ್ತದೆ. ಮೊದಲ ದಿನಗಳಲ್ಲಿ ಹೊಡೆಯುವುದೇ ಬೇಡ. ಚಿಮ್ಮಿಸುವುದು, ನೋಡುವುದು, ಅಷ್ಟೇ. ಮೇಲೇರಿದ ಚಿನ್ನಿ ಇಳಿಯುವ ಮುನ್ನ ಒಂದು ಕ್ಷಣ ನಿಂತಂತೆ ತೋರುತ್ತದೆ. ಆ ಕ್ಷಣವನ್ನು ಕಣ್ಣು ಗುರುತಿಸಿದ ಮೇಲೆ ದೇಹದ ಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ತಂದು, ಕೊನೆಯಲ್ಲಿ ಮಣಿಕಟ್ಟನ್ನು ತಿರುವಬೇಕು. ಚಿನ್ನಿ ಎಲ್ಲಿಗೆ ಹೋಯಿತೆಂದು ತಲೆಯೆತ್ತುವ ಅವಸರವೇ ಹೊಡೆತದ ಪರಮಶತ್ರು.

ಆಸ್ಟ್ರೇಲಿಯದ ಬೌರಲ್ ಎಂಬ ಊರಿನಲ್ಲಿ ಬಾಲಕ ಡಾನ್ ಬ್ರಾಡ್ಮನ್ ಮಾಡಿದ್ದೂ ಇದನ್ನೇ. ನೀರಿನ ತೊಟ್ಟಿಯ ಇಟ್ಟಿಗೆಯ ಕಟ್ಟೆಗೆ ಗಾಲ್ಫ್ ಚೆಂಡನ್ನೆಸೆದು, ಪುಟಿದು ಬಂದುದನ್ನು ಬರಿಯ ವಿಕೆಟ್ಟಿನ ಕೋಲಿನಿಂದ ಹೊಡೆಯುತ್ತಿದ್ದರು. ಸಣ್ಣದನ್ನು ಸಣ್ಣದರಿಂದ ಹೊಡೆದು ಪಳಗಿದವನಿಗೆ ಅಗಲವಾದ ಬ್ಯಾಟು ಒಂದು ಭಾಗ್ಯವೇ ಅಲ್ಲವೇ?

ತಾಯಂದಿರ ಆತಂಕ ಮಾತ್ರ ನ್ಯಾಯವಾದುದು. ಚೂಪಾದ ಚಿನ್ನಿ ಕಣ್ಣಿಗೆ ಬಡಿದರೆ ಆದ ಕೇಡು ಮರಳಿ ಸರಿಹೋಗದಿರಬಹುದು. ತುದಿಯನ್ನು ಕೊಂಚ ಮೊಂಡಾಗಿಸಿ. ತೆರೆದ ಬಯಲನ್ನೇ ಆರಿಸಿ. ಚಿಕ್ಕ ಮಕ್ಕಳನ್ನು ದೂರ ನಿಲ್ಲಿಸಿ. ಅಷ್ಟಾದ ಮೇಲೆ ಹುಡುಗನನ್ನು ಅವನ ಪಾಡಿಗೆ ಬಿಡಿ. ಅವನು ತಪ್ಪಿದಾಗ ‘ಜೋರಾಗಿ’ ಎನ್ನುವ ಬದಲು ‘ನೋಡಿ ಹೊಡಿ’ ಎಂದರೆ ಸಾಕು. ತೋಳು ವಯಸ್ಸಿನೊಡನೆ ತಾನಾಗಿ ಬಲಿಯುತ್ತದೆ. ಕಾಯುವ ಕಣ್ಣನ್ನು ಮಾತ್ರ ಎಳವೆಯಲ್ಲಿಯೇ ಪಳಗಿಸಬೇಕು.