ವೈರಿನ ಇಯರ್‌ಫೋನು ಮತ್ತು ತಿಕೋಟಾ ಬಸ್ಸು

"ಕಡಿಮಿ ರೊಕ್ಕದಾಗ ಒಂದು ಚಲೋ ಇಯರ್‌ಫೋನ್ ಹೇಳ್ರಿ, ವೈರಿಂದೇ ಇರ್ಲಿ" ಅಂತ ಕೇಳುವವರು ಈಗಲೂ ಬಹಳ ಜನ. ಬ್ಲೂಟೂತ್ ಬಡ್ಸ್ ಸಾವಿರ ರೂಪಾಯಿಯೊಳಗೆ ಸಿಗುವ ಕಾಲದಲ್ಲಿ ಇದೆಂಥ ಹಳೇ ಹಟ ಎಂದು ಕೆಲವರಿಗೆ ಅನಿಸಬಹುದು. ಹಟ ಅಲ್ಲ, ಲೆಕ್ಕ. ವೈರಿನದಕ್ಕೆ ಚಾರ್ಜ್ ಬೇಡ. ಒಂದು ಬಡ್ ಸೀಟಿನ ಸಂದಿಗೆ ಬಿದ್ದು ಮಾಯವಾಗುವ ಭಯವಿಲ್ಲ. ಮ್ಯಾನೇಜರ್ ಜೊತೆ ಮೀಟಿಂಗ್ ನಡೆದಾಗ ಬ್ಯಾಟರಿ ಮುಗಿಯಿತು ಎಂದು ಕಿವಿಯಲ್ಲಿ ಯಾರೂ ಉಸುರುವುದಿಲ್ಲ. ಮೊಬೈಲ್ ಗೇಮ್ ಆಡುವವರಿಗೆ ಗುಂಡು ಹಾರಿದ ಮೇಲೆ ಸದ್ದು ಬರುವ ತಾಪತ್ರಯವೂ ಇಲ್ಲ. ಮುಖ್ಯವಾದ ಮಾತೆಂದರೆ, ನೀವು ಕೊಟ್ಟ ದುಡ್ಡು ಬ್ಯಾಟರಿ, ಚಿಪ್ಪು, ಮಿಂಚುವ ಡಬ್ಬಿಗೆ ಹಂಚಿಹೋಗದೆ ಹೆಚ್ಚಿನಂಶ ದನಿಗೇ ಹೋಗುತ್ತದೆ.

ಆದರೆ ಈ ಸಲ ನಾನು ಬರೆಯಹೊರಟಿದ್ದು ದುಡ್ಡಿಗಿಂತ ಕಿವಿಯ ಸಲುವಾಗಿ.

ನನ್ನ ಅಣ್ಣನ ಮಗಳು ಕೆಲಸಕ್ಕೆಂದು ತಿಕೋಟಾದಿಂದ ವಿಜಯಪುರಕ್ಕೆ ದಿನಾ ಓಡಾಡುತ್ತಾಳೆ. ಅಥಣಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ಬಸ್ಸು ನಿಂತು ನಿಂತು ಬಂದರೆ 40 ನಿಮಿಷ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಟಿಕೆಟ್ ಖರ್ಚಿಲ್ಲ, ಉಳಿದದ್ದೆಲ್ಲ ಇಯರ್‌ಫೋನಿಗೆ ಹೋಗುತ್ತದೆ ಅಂತ ಅವರಪ್ಪನ ಚ್ಯಾಷ್ಟಿ. ಅವನ ಮಾತು ಸುಳ್ಳಲ್ಲ. ಮೂರು ತಿಂಗಳಿಗೊಮ್ಮೆ "ಕಾಕಾ, ಮತ್ತ ಒಂದ್ ಕಿವ್ಯಾಗಿಂದು ಬಂದ್ ಆತ್ರಿ" ಅನ್ನುತ್ತಿದ್ದಳು. ಪ್ರತಿ ಸಲ 250 ರೂಪಾಯಿ. ವರ್ಷಕ್ಕೆ ಸಾವಿರ. ಅದೂ ಹೋಗಲಿ ಅನ್ನಬಹುದಿತ್ತು. ಹೋದ ದೀಪಾವಳಿಗೆ ಬಂದಾಗ ಬೇರೆಯೇ ಮಾತು ಹೇಳಿದಳು: "ರಾತ್ರಿ ಮಲಕೊಂಡಾಗ ಕಿವ್ಯಾಗ ಜಿಂಯ್ ಅಂತದ ಕಾಕಾ."

ಕಿವಿ ಡಾಕ್ಟರು ಶ್ರವಣ ಪರೀಕ್ಷೆ ಮಾಡಿ ನೋಡಿದರು. ಸದ್ಯಕ್ಕೆ ಚಿಂತೆಯಿಲ್ಲ ಅಂದರು. ವಾಲ್ಯೂಮ್ ಇಳಿಸಿಕೋ, ಇಲ್ಲದಿದ್ದರೆ ಮುಂದೆ ಚಿಂತೆ ಇದೆ ಅಂತಲೂ ಅಂದರು. ಆಗ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಹೀಗಿದೆ: 80 ಡೆಸಿಬೆಲ್‌ನಲ್ಲಿ ಕೇಳಿದರೆ ವಾರಕ್ಕೆ 40 ಗಂಟೆ. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. 90ಕ್ಕೆ ಹೋದರೆ ವಾರಕ್ಕೆ ಬರೀ 4 ಗಂಟೆ. ಇವಳದು ಹೋಗಲು 40 ನಿಮಿಷ, ಬರಲು 40 ನಿಮಿಷ, ವಾರಕ್ಕೆ ಆರು ದಿನ, ಅಂದರೆ 8 ಗಂಟೆ. 90ರಲ್ಲಿ ಕೇಳಿದಳೆಂದರೆ ಮಿತಿಯ ಎರಡು ಪಟ್ಟು ಬಸ್ಸಿನಲ್ಲೇ ಮುಗಿಯಿತು. ಮನೆಗೆ ಬಂದು ನೋಡುವ ರೀಲ್ಸ್ ಬೇರೆ. ಅದೇ ಮೂರೇ ಮೂರು ಡೆಸಿಬೆಲ್ ಇಳಿಸಿದರೆ 8 ಗಂಟೆ ಮಿತಿಯೊಳಗೆ ಬರುತ್ತದೆ. ವಾಲ್ಯೂಮ್ ಬಟನ್ ಒಂದೆರಡು ಸಲ ಒತ್ತಿದಷ್ಟು, ಅಷ್ಟೇ.

ಇಳಿಸು ಅಂತ ಹೇಳುವುದು ಸುಲಭ. ಎಂಜಿನ್ ಪಕ್ಕದ ಸೀಟು, ಅಲುಗಾಡುವ ಕಿಟಕಿ ಗಾಜು, ಹಿಂದೆ ಸ್ಪೀಕರ್ ಹಚ್ಚಿ ಸಿನಿಮಾ ನೋಡುವ ಮಹಾಶಯ. ಇವರೆಲ್ಲರ ಮೇಲೆ ಹಾಡು ಕೇಳಬೇಕೆಂದರೆ ಬೆರಳು ತಾನಾಗಿ ಮೇಲಿನ ಬಟನ್ನಿಗೆ ಹೋಗುತ್ತದೆ. ಕಿವಿಯ ಬಾಯಲ್ಲಿ ಸುಮ್ಮನೆ ತೂಗುಬೀಳುವ, ಹಳೇ ನಮೂನೆಯ ಪ್ಲಾಸ್ಟಿಕ್ ಇಯರ್‌ಫೋನಿನಲ್ಲಿ ಹೊರಗಿನ ಗದ್ದಲ ಪೂರಾ ಒಳಗೆ ಬರುತ್ತದೆ. ರಬ್ಬರ್ ತುದಿಯಿದ್ದು ಕಿವಿಯೊಳಗೆ ಕೂರುವ ಇನ್-ಇಯರ್ ಬೇಕು ಅನ್ನುವುದು ಇದಕ್ಕೇ. ಸರಿಯಾಗಿ ಕೂತರೆ ಮಾತು, ಹಾರ್ನು, ಗಾಜಿನ ಗಲಗಲ ಇವನ್ನು 20 ಡೆಸಿಬೆಲ್‌ನಷ್ಟು ತಡೆಯಬಲ್ಲದು. ಎಂಜಿನ್ನಿನ ಗುಡುಗುಡು ಅಷ್ಟು ತಡೆಯುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

"ಸರಿಯಾಗಿ ಕೂತರೆ" ಅಂದೆನಲ್ಲ, ಅರ್ಧ ವಿದ್ಯೆ ಅಲ್ಲೇ ಇದೆ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಜೊತೆ ರಬ್ಬರ್ ತುದಿ ಕೊಟ್ಟಿರುತ್ತಾರೆ. ಬಹಳ ಜನ ಮೊದಲೇ ಹಾಕಿದ್ದನ್ನೇ ಹಾಕಿಕೊಂಡು, ಉಳಿದ ಎರಡು ಜೊತೆಯನ್ನು ಡಬ್ಬಿ ಸಮೇತ ಒಗೆಯುತ್ತಾರೆ. ಮೂರನ್ನೂ ಹಾಕಿ ನೋಡಿ. ಎರಡೂ ಕಿವಿಗೆ ಒಂದೇ ಅಳತೆ ಹೊಂದಬೇಕೆಂದೇನಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಇರಬಹುದು. ಮೇಲಿನ ಕಿವಿಯನ್ನು ಒಂದು ಕೈಯಿಂದ ತುಸು ಹಿಂದಕ್ಕೆ, ಮೇಲಕ್ಕೆ ಎಳೆದು ಇನ್ನೊಂದು ಕೈಯಿಂದ ಕೂರಿಸಿ. ಗಾಳಿ ಸೋರಿದರೆ ಮೊದಲು ಮಾಯವಾಗುವುದು ಬಾಸ್. ಆಗ ಜನ "ಇದರಾಗ ಬಾಸೇ ಇಲ್ಲ" ಅಂತ ಕಂಪನಿಯನ್ನು ಬೈಯುತ್ತಾರೆ, ವಾಲ್ಯೂಮ್ ಏರಿಸುತ್ತಾರೆ. ತಪ್ಪಿರುವುದು ಎರಡು ರೂಪಾಯಿಯ ರಬ್ಬರಿನದು.

ಜಾಗ ಬದಲಾದರೆ ದನಿ ಬದಲಾಗುತ್ತದೆ ಅನ್ನುವುದನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ಗೋಳಗುಮ್ಮಟದ ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಉಸುರಿದ್ದು ಆಚೆ ಬದಿಯ ಗೆಳೆಯನಿಗೆ ಕೇಳುತ್ತದೆ, ಒಂದು ಚಪ್ಪಾಳೆ ಏಳೆಂಟು ಸಲ ತಿರುಗಿ ಬರುತ್ತದೆ. ನಮ್ಮ ಕಿವಿಯ ನಾಳವೂ ಒಂದು ಕೋಣೆಯೇ, ಬರೀ ಎರಡೂವರೆ ಸೆಂಟಿಮೀಟರ್ ಉದ್ದದ್ದು. ಸುಮಾರು 3000 ಹರ್ಟ್ಸ್ ಆಸುಪಾಸಿನ ದನಿಯನ್ನು ಅದು ತಾನಾಗಿ ಎತ್ತಿ ಕೊಡುತ್ತದೆ. ಬಾಯಿಗೆ ರಬ್ಬರ್ ತುರುಕಿದ ಕೂಡಲೇ ಆ ಸಹಾಯ ಕೆಡುತ್ತದೆ. ಅದನ್ನು ಇಯರ್‌ಫೋನೇ ತುಂಬಿಕೊಡಬೇಕು. ಅಗ್ಗದ ಮಾಲಿನಲ್ಲಿ ಸೋಲುವುದು ಸಾಮಾನ್ಯವಾಗಿ ಇಲ್ಲಿ. ಬಾಸ್ ಗುದ್ದುತ್ತದೆ, ಹಾಡುವವರು ಮಾತ್ರ ಪಕ್ಕದ ಕೋಣೆಯಿಂದ ಹಾಡಿದ ಹಾಗೆ.

ಡಬ್ಬಿಯ ಮೇಲಿನ "20–20,000 ಹರ್ಟ್ಸ್" ನೋಡಿ ಮರುಳಾಗಬೇಡಿ. ನೂರು ರೂಪಾಯಿಯದರ ಮೇಲೂ ಅದೇ ಬರೆದಿರುತ್ತದೆ. "ಎಕ್ಸ್‌ಟ್ರಾ ಬಾಸ್" ಅನ್ನುವುದು ಉಪ್ಪಿನಕಾಯಿಗೆ ಇನ್ನಷ್ಟು ಉಪ್ಪು ಹಾಕಿದಂತೆ. ಕೊಳ್ಳುವಾಗ ನಿಮಗೆ ಬಾಯಿಪಾಠವಾದ ಹಾಡನ್ನೇ ಕೇಳಿ. ಭೀಮಸೇನ ಜೋಶಿಯವರ ಯಾವುದಾದರೂ ವಿಲಂಬಿತ ಹಚ್ಚಿ: ತಂಬೂರಿ ಹಿಂದೆ ಒಂದೇ ಸಮ ಕೇಳಬೇಕು, ಪೇಟಿ ಬೇರೆ, ದನಿ ಬೇರೆ ಅನಿಸಬೇಕು, ಡಗ್ಗಾದ ಗುಂಕಾರ ಬಂದು ನಿಲ್ಲಬೇಕು, ಎಲ್ಲದರ ಮೇಲೂ ಕಂಬಳಿ ಹೊದಿಸಬಾರದು.

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಇಷ್ಟ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ನಮ್ಮನ್ನಗಲಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಈ ಭಾಗದಲ್ಲಿ ಯಾರ ಫೋನಿನಲ್ಲಿಲ್ಲ? ಆ ದನಿ ಏರುವುದೇ ಇಲ್ಲ, ನಿಧಾನ, ಮೆತ್ತಗೆ. ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ ಇಟ್ಟು ಕೇಳಿ. ಮಾತಿನ ಕೊನೆಯ ಅಕ್ಷರದವರೆಗೆ ಬಿಡಿಸಿ ಕೇಳಿಸಿದರೆ ಆ ಇಯರ್‌ಫೋನ್ ಕೊಳ್ಳಬಹುದು. ಏರಿಸಿದರೇ ತಿಳಿಯುತ್ತದೆ ಎಂದಾದರೆ ಅಲ್ಲೇ ಇಟ್ಟು ಬನ್ನಿ.

(ಅಂದಹಾಗೆ ಇದೇ ಅಥಣಿ ರಸ್ತೆಯ ತೊರವಿಯಲ್ಲಿ, ಮಹಿಳಾ ವಿಶ್ವವಿದ್ಯಾಲಯದ ಆಸುಪಾಸಿನಲ್ಲೇ, ಸಂಗೀತ ಮಹಲಿನ ಪಾಳು ಗೋಡೆಗಳಿವೆ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಉಳಿಕೆ ಅದು. ದಿನಾ ಅದರ ಪಕ್ಕದಲ್ಲೇ ಕಿವಿಗೆ ವೈರು ಸಿಕ್ಕಿಸಿಕೊಂಡು ಹೋಗುವವರು ಒಂದು ರವಿವಾರ ಇಳಿದು ನೋಡಿ.)

ಈಗ ಕೊಳ್ಳುವ ಮಾತು. ವೈರಿನ ಇಯರ್‌ಫೋನ್ ಸಾಯುವುದು ಸ್ಪೀಕರ್ ಕೆಟ್ಟು ಅಲ್ಲ, ಹೆಚ್ಚಾಗಿ ಪಿನ್ನಿನ ಬುಡದಲ್ಲಿ ಒಳಗಿನ ತಾಮ್ರದ ಎಳೆ ಕಡಿದು. ಕಿಸೆಯಲ್ಲಿ ಫೋನಿಗೆ ಸುತ್ತಿ ಇಡುವವರದು ಬೇಗ ಸಾಯುತ್ತದೆ. ಹಾಗಾಗಿ ನನ್ನ ಸಲಹೆ, ಬಜೆಟ್ ತುಸು ಹಿಗ್ಗಿಸಿ, ವೈರು ಬಿಚ್ಚಿ ಬೇರೆ ಹಾಕುವಂಥದ್ದು ತಗೊಳ್ಳಿ. ವೈರು ಹೋದರೆ ವೈರಷ್ಟೇ ಕೊಳ್ಳಬಹುದು. ಸಾವಿರದ ಆಚೀಚೆ ಕೆಜೆಡ್ ಕಂಪನಿಯ ಇಡಿಎಕ್ಸ್ ಪ್ರೊ ಇದೆ. ಬಾಸ್ ಪ್ರಿಯರಿಗೆ, ಡೊಳ್ಳಿನ ಪದ ಕೇಳುವವರಿಗೆ ಹಿಡಿಸುತ್ತದೆ. ಸಾವಿರದ ಐನೂರರಿಂದ ಎರಡು ಸಾವಿರದ ನಡುವೆ ಮೂನ್‌ಡ್ರಾಪ್ ಚು 2, ಟ್ಯಾಂಗ್‌ಜು ವಾನರ್ ಸಿಗುತ್ತವೆ. ಹಾಡುಗಾರರ ದನಿ, ಮಾತು ಇವೆರಡರಲ್ಲಿ ನಾನು ವಾನರ್ ಪರ. ಚು ಕೊಳ್ಳುವವರು ಎರಡನೇ ಆವೃತ್ತಿಯೇ ಎಂದು ನೋಡಿಕೊಳ್ಳಿ, 2022ರ ಮೊದಲನೆಯದರಲ್ಲಿ ವೈರು ಬಿಚ್ಚಲು ಬರುವುದಿಲ್ಲ. ಇವುಗಳ ವೈರು ಕಿವಿಯ ಮೇಲಿಂದ ಸುತ್ತಿ ಬರುತ್ತದೆ, ಅಂಗಿಗೆ ತಾಗಿ ಬರುವ ಕರಕರ ಸದ್ದು ಕಡಿಮೆ. ಎರಡು ದಿನ ವಿಚಿತ್ರ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಐದುನೂರೇ ಮಿತಿ ಎನ್ನುವವರು ಹೆಸರಿರುವ ಕಂಪನಿಯದನ್ನು ಬಿಲ್ಲು, ವಾರಂಟಿ ಸಮೇತ ತಗೊಳ್ಳಿ. ಬಿಲ್ಲಿಲ್ಲದೆ ಗಾಡಿಯ ಮೇಲೆ ತೂಗುಹಾಕಿದ "ಒರಿಜಿನಲ್" ಬೇಡ.

ಮೈಕ್ ಇದೆಯೋ ಇಲ್ಲವೋ ನೋಡಿ. ಇವುಗಳಲ್ಲಿ ಮೈಕ್ ಇರುವುದು, ಇಲ್ಲದ್ದು ಎರಡೂ ಬರುತ್ತವೆ. ಪಿನ್ನಿನ ಮೇಲೆ ಮೂರು ಗೆರೆ ಇದ್ದರೆ ಮೈಕ್ ಉಂಟು, ಎರಡಿದ್ದರೆ ಇಲ್ಲ. ಫೋನಿನಲ್ಲಿ 3.5 ಮಿಲಿಮೀಟರ್ ತೂತೇ ಇಲ್ಲದವರು ಟೈಪ್-ಸಿ ಕನೆಕ್ಟರ್ ಕೊಳ್ಳಬೇಕು. ಒಳಗೆ ಡಿಎಸಿ ಚಿಪ್ ಇರುವುದೇ ಆಗಬೇಕು. ಚಿಪ್ಪಿಲ್ಲದ ಅಗ್ಗದ ಕನೆಕ್ಟರ್ ಎಷ್ಟೋ ಫೋನುಗಳಲ್ಲಿ ಸದ್ದೇ ಮಾಡುವುದಿಲ್ಲ. ಆಪಲ್ ಕಂಪನಿಯ ಕನೆಕ್ಟರ್ ಒಳ್ಳೆಯದೇ, ಆದರೆ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ದನಿ ಬಹಳ ಸಣ್ಣಗೆ ಬರುತ್ತದೆ. ತೂತೂ ಎಫ್‌ಎಮ್ಮೂ ಎರಡೂ ಇರುವ ಫೋನಾದರೆ ವೈರೇ ಆಂಟೆನಾ, ಡೇಟಾ ಖರ್ಚಿಲ್ಲದೆ ಆಕಾಶವಾಣಿ ವಿಜಯಪುರ ಕೇಳಬಹುದು.

ಬೈಕಿನವರಿಗೆ ಒಂದೇ ಮಾತು: ಬೇಡ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಓಡುವ ರಸ್ತೆಯಲ್ಲಿ ಹಿಂದಿನ ಹಾರ್ನ್ ಕೇಳಲೇಬೇಕು. ಗದ್ದಲ ತಡೆಯುವುದೇ ಇದರ ಗುಣ ಎಂದು ಈಗಷ್ಟೇ ಹೊಗಳಿದ್ದೇನೆ.

ಅಣ್ಣನ ಮಗಳು ವಾನರ್ ತಗೊಂಡು ಆರು ತಿಂಗಳಾಯಿತು. ಮೊದಲು ಬಸ್ಸಿನಲ್ಲಿ ವಾಲ್ಯೂಮ್ ಪೂರ್ತಿ ಇಡುತ್ತಿದ್ದವಳು ಈಗ ಅರ್ಧಕ್ಕಿಂತ ಒಂದೆರಡು ಗೆರೆ ಮೇಲೆ ಇಡುತ್ತಾಳೆ. ಜಿಂಯ್ ಅನ್ನುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆಗೆ ಬಾ ಎಂದಿದ್ದಾರೆ ಡಾಕ್ಟರು. ನಿಮಗೂ ಹಾಗೆ ಗುಂಯ್ ಎನ್ನುವುದು ನಾಲ್ಕು ದಿನ ನಿಲ್ಲದಿದ್ದರೆ ಎಣ್ಣೆ ಹಾಕಿಕೊಂಡು ಕೂರಬೇಡಿ, ಕಿವಿ ಡಾಕ್ಟರ ಹತ್ತಿರ ಹೋಗಿ.

ಬಳಸುವವರಿಗೆ ಒಂದು ಕೆಲಸ ಉಳಿದಿದೆ. ತಿಂಗಳಿಗೊಮ್ಮೆ ರಬ್ಬರ್ ತುದಿ ಕಳಚಿ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬಾಯಿಯ ಜಾಳಿಗೆಯಲ್ಲಿ ಕಿವಿಯ ಕೊಳೆ ಕೂತಿದ್ದರೆ ಒಣ ಹಲ್ಲುಜ್ಜುವ ಬ್ರಷ್‌ನಿಂದ, ಜಾಳಿಗೆಯನ್ನು ಕೆಳಮುಖ ಹಿಡಿದು ಮೆಲ್ಲಗೆ ತಿಕ್ಕಿ. ಸೂಜಿ, ಪಿನ್ನು ಬೇಡ. ಒಂದು ಕಿವಿಯಲ್ಲಿ ದನಿ ಸಣ್ಣಗಾಯಿತು ಅಂತ ಹೊಸದು ಕೊಳ್ಳಲು ಹೊರಟವರು ಮೊದಲು ಈ ಜಾಳಿಗೆ ನೋಡಿಕೊಳ್ಳಿ.